ಬೆನ್ನು ತಿರುಗಿಸಿ ನಿಂತ ಚೀಲಗಳು

ಸತ್ತ ಮನುಷ್ಯನ ಫೋಟೋಕ್ಕೆ ಗಂಧದ ಹಾರ ಹಾಕುವುದಕ್ಕೆ ನನ್ನ ತಕರಾರಿಲ್ಲ. ಅದರ ಮುಂದೆ ಊದಿನಕಡ್ಡಿ ಹಚ್ಚಲಿ, ಬೆಳಿಗ್ಗೆ ಗಲ್ಲಾಪೆಟ್ಟಿಗೆ ತೆರೆಯುವ ಮುಂಚೆ ಕೈಮುಗಿಯಲಿ, ಅದಕ್ಕೂ ಇಲ್ಲ. ಆದರೆ ಆ ಮನುಷ್ಯ ಬದುಕಿದ್ದಾಗ ಯಾವ ಮಾಲನ್ನು ಅಂಗಡಿಯಿಂದ ಹೊರಗೆ ಹಾಕಿದ್ದನೋ ಅದೇ ಮಾಲಿನ ಚೀಲದ ಬಾಯಿ ಕತ್ತರಿಸಿ ಅದೇ ಫೋಟೋದ ಕೆಳಗೆ ಇಟ್ಟು, ಒಂದು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ "ಕಾಕಾ ತಿಂದು ನೋಡಿದ ಮಾಲು" ಎಂದು ಬರೆದು ಸಿಕ್ಕಿಸಿದರೆ, ನೋಡಿದವರ ಹೊಟ್ಟೆ ಉರಿಯಬೇಕೋ ಬೇಡವೋ? ನನ್ನದು ಉರಿಯಿತು. ಹುಮನಾಬಾದಿನಿಂದ ಬಸವಕಲ್ಯಾಣದ ಮನೆಗೆ ಬಂದು, ಕೈಕಾಲು ತೊಳೆದು, ಚಹಾ ಕುಡಿದರೂ ಆರಲಿಲ್ಲ. ಆರುವ ಮುಂಚೆಯೇ ಬರೆದುಬಿಡೋಣ ಅಂತ ಕುಳಿತಿದ್ದೇನೆ. ಸಮಾಧಾನದಿಂದ ಬರೆದರೆ ಕಾಕಾನ ಚಿತ್ರ ಬರುವುದೂ ಇಲ್ಲ. ಆ ಮನುಷ್ಯ ಸಮಾಧಾನದಿಂದ ಇದ್ದದ್ದನ್ನು ನಾನು ನೋಡಿದ್ದೇ ಕಡಿಮೆ.

ನನ್ನ ನೌಕರಿಯ ಬಹುಪಾಲು ಹುಮನಾಬಾದಿನಲ್ಲೇ ಕಳೆಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಊರಿಗೆಲ್ಲ ನಾನು ಅಕ್ಕೋರು. ಕಾಕಾನ ಅಂಗಡಿಯ ಮಾಳಿಗೆಯ ಮೇಲೆ ನನ್ನ ಬಾಡಿಗೆಯ ಕೋಣೆ. ಕೆಳಗೆ ದನದ ಹಿಂಡಿ, ಹೊಟ್ಟು, ಭೂಸಾ ಮಾರುವ ದುಕಾನು. ಅವರ ಅಜ್ಜನ ಕಾಲದ್ದು. ಊರಿಗೆಲ್ಲ ಅವರು ಕಾಕಾ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಣ್ಣನ ಮಗ ಜೊತೆಗಿದ್ದು ವ್ಯಾಪಾರ ನೋಡುತ್ತಿದ್ದ. ನಾನು ನಿವೃತ್ತಳಾಗುವವರೆಗೂ ನನ್ನ ದಿನ ಶುರುವಾಗುತ್ತಿದ್ದದ್ದು ಕೆಳಗಿನಿಂದ ಬರುವ ಶೇಂಗಾ ಹಿಂಡಿಯ ವಾಸನೆಯಿಂದ ಮತ್ತು ಕಾಕಾ ಯಾರನ್ನೋ ಬೈಯುವ ಸದ್ದಿನಿಂದ.

ಹಿಂಡಿ ಪರೀಕ್ಷೆ ಮಾಡುವುದನ್ನು ಅವರ ಕೈಯಲ್ಲಿ ನೋಡಬೇಕಿತ್ತು. ಮಾಲು ಬಂದ ಕೂಡಲೇ ಒಂದು ತುಂಡು ಹೆಬ್ಬೆರಳಿನ ಉಗುರಿನಿಂದ ಮುರಿಯುವುದು, ಮೂಗಿಗೆ ಹಿಡಿಯುವುದು, ಆಮೇಲೆ ಸೀದಾ ಬಾಯಿಗೆ. ಕಣ್ಣು ಮುಚ್ಚಿ ಅಗಿದು, ಹೊಸ್ತಿಲ ಬಳಿ ಇಟ್ಟಿದ್ದ ಬೂದಿಯ ಡಬ್ಬಿಗೆ ಥೂ ಎಂದು ಉಗುಳುವುದು. ಹಳೆಯ ಶೇಂಗಾ ಇದ್ದರೆ, ಮಳೆ ತಿಂದ ಚೀಲವಿದ್ದರೆ, ಉಸುಕು ಬೆರೆಸಿದ್ದರೆ, ಉಗುಳುವ ಮುಂಚೆಯೇ ಹುಬ್ಬು ಗಂಟಾಗುತ್ತಿತ್ತು. "ಎತ್ತಲೋ ಇದನ್ನ, ಲಾರ್‍ಯಾಗ ಹಾಕು!" ಅಷ್ಟೇ. ಲಾರಿಯವನು ಮನ್ನಾಏಖೇಳ್ಳಿಯಿಂದ ಬಂದಿರಲಿ, ಲಾತೂರಿನಿಂದ ಬಂದಿರಲಿ, ಮರುಮಾತಿಲ್ಲ.

"ಅಕ್ಕೋರ," ಎಂದು ಒಮ್ಮೆ ನನಗೆ ಹೇಳಿದರು, "ಎಮ್ಮಿ ದುಕಾನಿಗೆ ಬಂದು ನನ್ನ ಜೋಡಿ ಜಗಳಾ ಆಡತದೇನ್ರಿ? ಆಡಂಗಿಲ್ಲ. ಅದಕ್ಕ ಅದರ ಜಗಳಾ ನಾ ಮೊದಲ ಆಡಿ ಇಟ್ಟಿರ್ತೀನಿ."

ಅವರ ಸಿಟ್ಟಿನ ಅರ್ಥ ಅಂದು ತಿಳಿಯಿತು ನನಗೆ. ಹಾಲು ಕೊಡುವ ಎಮ್ಮೆಗಳು, ಉಳುವ ಎತ್ತುಗಳು, ಇವರೇ ಅವರ ನಿಜವಾದ ಗಿರಾಕಿಗಳು. ಚೀಲ ಹೊತ್ತೊಯ್ಯುವ ಮನುಷ್ಯರು ಬರೀ ಹಮಾಲರು.

ಆಮೇಲೆ ಕಾಲ ತಿರುಗಿತು. ಹೊಸ ಲೇಔಟುಗಳಾದವು. ಎಮ್ಮೆ ಕಡಿಮೆಯಾದವು, ನಾಯಿ ಹೆಚ್ಚಾದವು. ಮೊದಲು ನಮ್ಮ ಕಡೆ ನಾಯಿಗೆ ಬೇರೆ ಊಟ ಅಂತ ಎಲ್ಲಿತ್ತು? ರೊಟ್ಟಿ ಬಡಿದು ಮುಗಿಯುವಾಗ ಉಳಿದ ಹಿಟ್ಟಿನಿಂದ ಒಂದು ದಪ್ಪ ರೊಟ್ಟಿ, ಅದು ನಾಯಿಯ ಹೆಸರಿನದು. ಮಜ್ಜಿಗೆಯಲ್ಲಿ ನೆನೆಸಿ ಹಾಕಿದರೆ ಮುಗಿಯಿತು. ಈಗ ಮನೆಗಳಲ್ಲಿ ರೊಟ್ಟಿ ಬಡಿಯುವವರೇ ಕಡಿಮೆ, ಬಂದಿರುವ ನಾಯಿಗಳೂ ಬೇರೆ ದೇಶದ ಹೆಸರಿನವು. "ಕಾಕಾ, ನಾಯಿದು ಕಾಳು ಅದಾವೇನು?" ಎಂದು ಕೇಳುವವರು ಶುರುವಾದರು. ಬ್ಯಾಗಿನಲ್ಲಿ ಬರುವ ಒಣ ಆಹಾರಕ್ಕೆ ನಮ್ಮ ಕಡೆ ಕಾಳು ಅಂತಲೇ ಹೆಸರು ಬಿತ್ತು.

ಒಬ್ಬ ಏಜೆಂಟ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ದೊಡ್ಡ ಫೋನು. ಅವನು ತಂದ ಚೀಲದ ಮುಖದ ಮೇಲೆ ಬಲಿಷ್ಠವಾದ ನಾಯಿಯ ಚಿತ್ರ, ಪಕ್ಕದಲ್ಲಿ ಹೊಳೆಯುವ ಕೋಳಿಯ ತೊಡೆ. ಕಾಕಾ ಚಿತ್ರ ನೋಡಲಿಲ್ಲ. ಚೀಲದ ಬಾಯಿ ಬಿಚ್ಚಿಸಿ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡೇಬಿಟ್ಟರು.

"ಅಯ್ಯ ಕಾಕಾ! ಅದು ನಾಯಿಗೆ ರೀ, ಮನಿಷ್ಯಾರಿಗಲ್ಲ," ಎಂದ ಏಜೆಂಟ್.

"ಹಿಂಡಿ ಏನು ನಮ್ಮಪ್ಪನ ತಾಟಿಗೆ ಹಾಕ್ತಿದ್ರೇನೋ? ನನ್ನ ಬಾಯಾಗ ಹೋಗದ ಮಾಲು ನನ್ನ ಗಿರಾಕಿ ಬಾಯಾಗ ಹೋಗಂಗಿಲ್ಲ. ನೀನೂ ತಿನ್ನು. ತಗೋ, ತಗೋ, ನಾಚಬ್ಯಾಡ."

ಏಜೆಂಟ್ ನಕ್ಕಂತೆ ಮಾಡಿ ಎರಡು ಹೆಜ್ಜೆ ಹಿಂದೆ ಸರಿದ. ಕಾಕಾ ಕಣ್ಣು ಮುಚ್ಚಿ ಅಗಿದರು. ಹುಬ್ಬು ಗಂಟಾಗಲಿಲ್ಲ. "ಕುರುಂಕುರುಂ ಅದ. ಘಮಾ ಘಮಾ ಅದ. ಉಪ್ಪು ಜರಾ ಕಮ್ಮಿ. ಚಹಾದ ಜೋಡಿ ನಡೀತದ ನೋಡ್ರಿ ಅಕ್ಕೋರ, ಕಳಿಸ್ಲೇನು ಮ್ಯಾಲ?" ಅಂಗಡಿಯೆಲ್ಲ ನಕ್ಕಿತು. ಮಾಲು ಪಾಸಾಯಿತು.

ಅಂದಿನಿಂದ ಊರಿನಲ್ಲಿ ಒಂದು ಮಾತು ಹುಟ್ಟಿತು. ಕಾಕಾ ತಿಂದು ನೋಡಿ ಕೊಡುತ್ತಾನೆ. ಬೇರೆ ಅಂಗಡಿಯವರು ಚಿತ್ರ ತೋರಿಸಿ ಮಾರುತ್ತಿದ್ದರು, ಕಾಕಾ ಗಿರಾಕಿಯ ಎದುರಿಗೆ ಅಗಿದು ತೋರಿಸಿ ಮಾರುತ್ತಿದ್ದರು. ಚಿಟಗುಪ್ಪದಿಂದ, ಕೊಡಂಬಲದಿಂದ ಜನ ಬಸ್ಸಿಗೆ ಬಂದು ಕೊಂಡರು. ಚೀಲದ ಬಾಯಿ ಸದಾ ತೆರೆದೇ ಇರುತ್ತಿತ್ತು. ಹಿಂಡಿಯನ್ನು ಹೇಗೆ ತೂಗಿ ಕೊಡುತ್ತಿದ್ದರೋ ಹಾಗೆಯೇ ಇದನ್ನೂ ಖುಲ್ಲಾ, ಬಿಡಿಬಿಡಿಯಾಗಿ ತೂಗಿ, ಕ್ಯಾರಿಬ್ಯಾಗಿನಲ್ಲಿ ಕಟ್ಟಿ ಕೊಡುವುದು.

ಕಾಕಾನ ಮನೆಯಲ್ಲೂ ಒಂದು ನಾಯಿ ಇತ್ತು. ಕುರುಬರ ಹಟ್ಟಿಯಿಂದ ಮರಿಯಿದ್ದಾಗ ತಂದ ಉದ್ದ ಕಾಲಿನ ಬೇಟೆನಾಯಿ. ಬೂದಿ ಬಣ್ಣದ ಮೈ ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು, ಅದಕ್ಕೇ ಚಾಂದಿ ಅಂತ ಹೆಸರು. ಅದಕ್ಕೂ ಅದೇ ಕಾಳು ಶುರುವಾಯಿತು. ಚಾಂದಿ ಮೊದಲು ಮೊದಲು ಬಟ್ಟಲು ನೆಕ್ಕಿ ನೆಕ್ಕಿ ತಿಂದಳು. ಆಮೇಲೆ ಮೈ ಕೆರೆದುಕೊಳ್ಳಲು ಹತ್ತಿದಳು. ಹೊಳಪು ಹೋಯಿತು, ಬೆನ್ನಿನ ಮೇಲೆ ಕೂದಲು ಉದುರಿ ಚರ್ಮ ಕಂಡಿತು. "ಕಾಕಾ, ಊಟದ ದೋಷ ಇರಬಹುದು," ಎಂದೆ. "ಬ್ಯಾಸಗಿ ಅಕ್ಕೋರ, ಬ್ಯಾಸಗಿ. ನಮ್ಮ ತಲಿ ಕೂದಲಾನೂ ಉದರಾಕತ್ತಾವ," ಎಂದು ಟೋಪಿ ತೆಗೆದು ತಮ್ಮ ಬೋಳುತಲೆ ತೋರಿಸಿದರು. ಅವರ ನಾಲಿಗೆ ಪಾಸು ಮಾಡಿದ ಮಾಲಿನಲ್ಲಿ ದೋಷ ಇರಬಹುದು ಎಂಬುದು ಅವರ ತಲೆಯೊಳಗೆ ಹೋಗುವ ಮಾತೇ ಅಲ್ಲ. ಅಜ್ಜನಿಂದ ಬಂದ ನಾಲಿಗೆ ಅದು.

ಮಳೆಗಾಲ ಮುಗಿಯುವ ಹೊತ್ತಿಗೆ ಚಿಟಗುಪ್ಪದ ಹೆಣ್ಣುಮಗಳೊಬ್ಬಳು ಬಂದಳು. ಅಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಒಬ್ಬಳೇ ಇರುವುದರಿಂದ ಕಾವಲಿಗೆಂದು ಒಂದು ಕರಿಯ ಮರಿ ಸಾಕಿದ್ದಳು, ರಾಜಾ ಅಂತ. ಮರಿಗೆ ಹಾಲು ರೊಟ್ಟಿ ಹಾಕುತ್ತಿದ್ದವಳಿಗೆ, "ರೊಟ್ಟಿ ಬಿಡಿಸವ್ವಾ, ಇದನ್ನ ಹಾಕು. ನಾ ತಿಂದು ನೋಡೇನಿ," ಎಂದು ಹೇಳಿ ಕೊಟ್ಟವರು ಕಾಕಾನೇ. ಅವಳು ಈ ಸಲ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ, ಶಾಲೆಯಿಂದ ಬಂದು ಚಾಂದಿಯ ಗಾಯಕ್ಕೆ ಮುಲಾಮು ಹಚ್ಚುತ್ತಿದ್ದೆ.

ಅವಳು ಮರಿಯನ್ನು ಮಡಿಲಿನಿಂದ ನೆಲಕ್ಕೆ ಇಳಿಸಿದಳು. ನಿಲ್ಲಲು ಹೋಯಿತು ಅದು. ಮುಂದಿನ ಎರಡೂ ಕಾಲು ಬಿಲ್ಲಿನಂತೆ ಹೊರಗೆ ಬಾಗಿದ್ದವು. ನಡೆಯಲು ಹೋಗಿ ಎದೆಯ ಮೇಲೆ ಬಿದ್ದು, ಬಾಲ ಅಲ್ಲಾಡಿಸಿತು.

"ದನದ ದವಾಖಾನಿಗೆ ಹೋಗಿ ಬಂದೆ ಕಾಕಾ," ಎಂದಳು ಅವಳು. ದನಿ ಎತ್ತಲಿಲ್ಲ. "ಡಾಕ್ಟರ್ ಹೇಳಿದ್ರು, ಇದು ದೊಡ್ಡ ನಾಯಿದು ಕಾಳಂತ, ಬೆಳಿಯೂ ಮರಿಗೆ ಹಾಕೂದಲ್ಲಂತ. ಎಲುಬಿಗೆ ಬೇಕಾದದ್ದು ಇದರಾಗ ಇಲ್ಲಂತ. ಚೀಲದ ಹಿಂದ ಬರದಿರ್ತಾರ, ನೋಡಿಲ್ಲೇನು ಅಂದ್ರು. ನಂಗ ಚೀಲ ಎಲ್ಲಿ ಕಂಡಿತ್ತು ಕಾಕಾ? ನೀವು ಕ್ಯಾರಿಬ್ಯಾಗಿನ್ಯಾಗ ಕೊಟ್ರಿ. ನೀವು ತಿಂದು ನೋಡೇನಿ ಅಂದ್ರಿ. ಸಾಕು ಅಂದೆ."

ಬೈದಿದ್ದರೆ ಕಾಕಾ ತಿರುಗಿ ಬೈಯುತ್ತಿದ್ದರು, ಜಗಳವಾಗುತ್ತಿತ್ತು, ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ಉಳಿದಿದ್ದ ಕಾಳಿನ ಕ್ಯಾರಿಬ್ಯಾಗನ್ನು ತಕ್ಕಡಿಯ ಪಕ್ಕ ಇಟ್ಟು, ಮರಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು. ಕಾಕಾ ಆ ಬ್ಯಾಗನ್ನು ನೋಡುತ್ತ ನಿಂತರು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕೆಳಗಿನಿಂದ ಕೂಗು ಬಂತು. "ಅಕ್ಕೋರ, ಕೆಳಗ ಬರ್ರಿ. ಕನ್ನಡಕ ತರ್ರಿ."

ಖಾಲಿ ಚೀಲವೊಂದನ್ನು ನೆಲದ ಮೇಲೆ ಕವುಚಿ ಹಾಸಿದ್ದರು, ಬೆನ್ನು ಮೇಲೆ ಮಾಡಿ. ಅಲ್ಲಿ ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರ. "ಓದ್ರಿ. ಏನೇನು ಬರದಾರ ಒಂದೂ ಬಿಡಬ್ಯಾಡ್ರಿ. ಯಾವುದು ಮೊದಲ ಬರದಾರ, ಯಾಕ ಮೊದಲ ಬರದಾರ, ಅದೂ ಹೇಳ್ರಿ."

"ಹೆಚ್ಚು ತೂಕ ಇರೋದು ಮೊದಲು ಬರೀತಾರ ಕಾಕಾ. ಕಡಿಮೆ ಇರೋದು ಕಡೆಗೆ."

"ಹಂಗಾರ ಮೊದಲ ಕೋಳಿ ಇರಬೇಕು. ಮಾರಿ ಮ್ಯಾಲ ಇಷ್ಟು ದೊಡ್ಡ ತೊಡಿ ಇಟ್ಟಾರಲ್ಲ."

"ಮೊದಲು ಮೆಕ್ಕೆಜೋಳ ಅದ."

"ಆಮ್ಯಾಲ?"

"ಅಕ್ಕಿ ತೌಡು. ಆಮೇಲೆ ಮೆಕ್ಕೆಜೋಳದ ಹಿಟ್ಟು. ಅದಾದ ಮೇಲೆ ಸೋಯಾ. ಆಮೇಲೆ ಮೆಕ್ಕೆಜೋಳದಿಂದ ತೆಗೆದ ಅಂಟು."

ಕಾಕಾ ಕೈ ಎತ್ತಿದರು. "ನಿಂದರ್ರಿ, ನಿಂದರ್ರಿ. ಒಬ್ಬನ ಮನಿಷ್ಯಾ ಮೂರು ರುಮಾಲು ಸುತ್ಕೊಂಡು ಮೂರು ಪಂಕ್ತ್ಯಾಗ ಕುಂತಾನಲ್ರಿ! ಕೋಳಿ ಎಲ್ಲಿ ಅದ?"

"ಮಾಂಸ ಮತ್ತು ಮಾಂಸದ ಉಪೋತ್ಪನ್ನ ಅಂತ ಅದ. ಕೆಳಗ."

"ಯಾರದು ಮಾಂಸ?"

"ಬರೆದಿಲ್ಲ."

"ಹೆಸರಿಲ್ಲೇನು ಅದಕ್ಕ? ಅವ್ವ ಅಪ್ಪ ಇಲ್ಲೇನು?"

ಬಣ್ಣಗಳ ಹೆಸರು ಬಂದಾಗ ಅವರು ಎದ್ದು ಹೋಗಿ, ಹಿಂಡಿ ಪರೀಕ್ಷಿಸುವ ಗಾಜಿನ ಲೋಟದಲ್ಲಿ ನೀರು ತಂದು, ಚಿಟಗುಪ್ಪದವಳು ಇಟ್ಟು ಹೋದ ಕಾಳನ್ನು ಅದರಲ್ಲಿ ಹಾಕಿದರು. ನೀರು ಮೆಲ್ಲಗೆ ಕೆಂಪಾಯಿತು. "ನಾಯಿಗೆ ಬಣ್ಣ ಯಾಕ ಬೇಕ್ರಿ? ಅದು ಮೂಸಿ ತಿಂತದ. ಬಣ್ಣ ನಮಗ ಹಾಕ್ಯಾರ. ನಮ್ಮ ಕಣ್ಣಿಗೆ." ಕೊನೆಯ ಸಾಲು ನಾನು ಮೆಲ್ಲಗೆ ಓದಿದೆ. ವಯಸ್ಸಿಗೆ ಬಂದ ನಾಯಿಗಳಿಗೆ ಮಾತ್ರ. ಅದನ್ನು ಮತ್ತೊಮ್ಮೆ ಓದಿಸಿದರು. ಮತ್ತೊಮ್ಮೆ.

ಮರುದಿನ ದವಾಖಾನೆಗೆ ಹೋಗಿ ಡಾಕ್ಟರರ ಮುಂದೆ ಕುಳಿತು ಕೇಳಿ ಬಂದರು. ನಾನು ಜೊತೆಗೆ ಹೋಗಿದ್ದೆ. ಕಾರ್ಖಾನೆಯಲ್ಲಿ ಕಾಳು ಒಣಗಿದ ಮೇಲೆ ಹೊರಗಿನಿಂದ ಕೊಬ್ಬು ಮತ್ತು ರುಚಿ ಸಿಂಪಡಿಸುತ್ತಾರಂತೆ. ಒಳಗೆ ಏನೇ ಇರಲಿ, ಮೂಗಿಗೂ ನಾಲಿಗೆಗೂ ಸಿಗುವುದು ಮೇಲಿನ ಲೇಪ. ಶೇಂಗಾ ಹಿಂಡಿಗೆ ವಾಸನೆ ಬರುವುದು ಅದರ ಒಡಲಿನಿಂದ, ಅದು ಮುಚ್ಚಿಟ್ಟುಕೊಳ್ಳಲಾರದು. ಇದು ಮುಚ್ಚಿಡಲೆಂದೇ ಮಾಡಿದ ವಾಸನೆ. ಅಜ್ಜನ ಕಾಲದಿಂದ ಸೋಲದ ನಾಲಿಗೆ ಸೋತದ್ದು ಅಲ್ಲಿ. ಚೀಲದ ಬಾಯಿ ತೆರೆದಿಟ್ಟರೆ ಆ ಕೊಬ್ಬು ಗಾಳಿಗೆ ಕೆಡುತ್ತದೆ, ನಮ್ಮ ಮಳೆಗಾಲದ ಥಂಡಿಗೆ ಒಳಗೆ ಬೂಷ್ಟು ಹಿಡಿಯುತ್ತದೆ ಎಂದೂ ಹೇಳಿದರು ಡಾಕ್ಟರು. ಹಿಂಡಿ ವ್ಯಾಪಾರಿಗೆ ಬೂಷ್ಟು ಏನೆಂದು ಹೇಳಿಕೊಡಬೇಕಾಗಿಲ್ಲ. ಕಾಕಾ ತಲೆ ತಗ್ಗಿಸಿದರು.

ಏಜೆಂಟನನ್ನು ಕರೆಸಿದರು. ಅವನು ಬಂದು ಸಮಾಧಾನ ಹೇಳಲು ನೋಡಿದ. "ಕಾಕಾ, ಬಜಾರಿನ್ಯಾಗ ಎಲ್ಲಾರೂ ಇದನ್ನ ಮಾರಾಕತ್ತಾರ. ಇಷ್ಟ್ಯಾಕ ಮನಸಿಗೆ ಹಚ್ಕೋತೀರಿ? ಬರೇ ನಾಯಿ ಅಲ್ಲೇನ್ರೀ."

"ನಾಯಿ ಅಲ್ಲೋ ಬೇಕೂಫ್, ನನ್ನ ಗಿರಾಕಿ! ನೀ ನಾಯಿ ಅಂದ್ರ ಅದಕ್ಕ ಬೇಜಾರಾಗಂಗಿಲ್ಲ, ನನಗಾಗ್ತದ. ಎತ್ತು ನಿನ್ನ ಚೀಲಾ!" ಬೀದಿಯ ಆ ಕಡೆಯ ಚಹಾದಂಗಡಿಯವರು ಎದ್ದು ನಿಂತು ನೋಡಿದರು.

ಚಿಟಗುಪ್ಪಕ್ಕೆ ತಾವೇ ಬಸ್ಸಿಗೆ ಹೋಗಿ, ಮರಿಗಳದೇ ಬೇರೆ ಚೀಲ ಕೊಟ್ಟು ಬಂದರು, ಮುಂದೆಯೂ ಕೊಡುತ್ತ ಬಂದರು. ಡಾಕ್ಟರ ಔಷಧಿಯೂ ನಡೆಯಿತು. ರಾಜಾ ಬದುಕಿದ. ಅವನ ಕಾಲು ಮಾತ್ರ ನೆಟ್ಟಗಾಗಲಿಲ್ಲ. ಇವತ್ತಿಗೂ ಆ ಹೊಲಿಗೆ ಅಂಗಡಿಯ ಮೆಟ್ಟಿಲ ಮೇಲೆ ಮಲಗಿರುತ್ತಾನೆ, ಯಾರಾದರೂ ಬಂದರೆ ತೂಗಾಡುತ್ತ ಎದ್ದು ಬೊಗಳುತ್ತಾನೆ.

"ನಾ ತಿಂದು ನೋಡೇನಿ" ಎಂಬ ಮಾತು ಮತ್ತೆ ಕಾಕಾನ ಬಾಯಿಂದ ಬರಲಿಲ್ಲ. ಹಿಂಡಿ ಅಗಿಯುತ್ತಿದ್ದರು, ಆದರೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಗೋಡೆಯ ಕಡೆ ಮುಖ ಮಾಡಿ. ನಾಯಿಯ ಕಾಳನ್ನಂತೂ ಮುಟ್ಟಲಿಲ್ಲ. ಬದಲಿಗೆ ಇನ್ನೊಂದು ಕೆಲಸ ಮಾಡಿದರು. ಬೆನ್ನು ಓದಿ ಆರಿಸಿ ತರಿಸಿದ ಬೇರೆ ಕಂಪನಿಗಳ ಕಾಳಿನ ಚೀಲಗಳನ್ನೆಲ್ಲ ತಿರುಗಿಸಿ ನಿಲ್ಲಿಸಿದರು, ಬೆನ್ನು ಬೀದಿಗೆ, ಮುಖ ಗೋಡೆಗೆ. ಬೇರೆ ಅಂಗಡಿಗಳಲ್ಲಿ ಬಣ್ಣಬಣ್ಣದ ನಾಯಿಗಳು ಬೀದಿ ನೋಡುತ್ತಿದ್ದರೆ ಇಲ್ಲಿ ಬರೀ ಸಣ್ಣಕ್ಷರ. ಒಂದು ಚೀಲದ ಬಾಯಿಯನ್ನೂ ಬಿಚ್ಚಲಿಲ್ಲ. ಬೇಕಾದವರು ಸಣ್ಣ ಚೀಲ ಕೊಳ್ಳಲಿ, ಹೊಲಿಗೆ ಹಾಕಿದ್ದು ಹಾಕಿದ ಹಾಗೆಯೇ.

"ಏನ್ ಕಾಕಾ, ಚೀಲ ಸಿಟ್ಟಾಗ್ಯಾವೇನು? ಮಾರಿ ತಿರುವಿ ನಿಂತಾವ," ಎಂದು ಕೆಣಕಿದವನಿಗೆ, "ಹೌದೋ, ನೀ ಬಂದಿ ಅಂತ ತಿರುವಿಕೊಂಡಾವ," ಎಂದರು.

ಊರು ನಕ್ಕಿತು. ನನಗೆ ಊರಿನ ಮೇಲೆ ಈಗಲೂ ಸಿಟ್ಟಿದೆ. ಬೈದು ಬೈದು ಗಿರಾಕಿ ಕಳಕೊಂಡ ಹುಚ್ಚ ಅಂತ ಆಡಿಕೊಂಡ ಊರು ಅದು. ಒಬ್ಬ ದೊಡ್ಡ ಕಾರು ನಿಲ್ಲಿಸಿ, ಒಳಗೆ ಕೂತಿದ್ದ ಲ್ಯಾಬ್ರಡಾರ್ ತೋರಿಸಿ ಕೇಳಿದ. "ಕಾಕಾ, ಎಲ್ಲಾಕಿಂತ ಕಡಿಮಿದು ಕೊಡ್ರಿ, ಖುಲ್ಲಾ. ನಾಯಿಗೇನು ತಿಳೀತದ?"

"ಗಾಡಿಗೆ ಯಾವ ಎಣ್ಣಿ ಹಾಕ್ತಿ?"

"ಕಂಪನಿದು ರೀ. ಬ್ಯಾರೆ ಹಾಕಿದ್ರ ಇಂಜಿನ್ ಕೆಡತದ."

"ಗಾಡಿಗೇನು ತಿಳೀತದೋ? ಕೊಬ್ರಿ ಎಣ್ಣಿ ಹಾಕು. ಊರು ದಾಟತದೇನು ನೋಡೂಣು."

ಅವನು ಹೋಗಿ ಎದುರಿನ ಅಂಗಡಿಯಲ್ಲಿ ಖುಲ್ಲಾ ಕೊಂಡ. ಕಾಕಾ ಇಲ್ಲಿಂದಲೇ ಕೂಗಿ ಹೇಳಿದರು, "ಕಾರಿನ್ಯಾಗ ಕುಂತದಲ್ಲ, ಅದಕ್ಕ ಕೆಳಗ ಇಳಿಸಿ ಒಮ್ಮಿ ನನ್ನ ಕಡಿ ಕಳಸು. ನಾ ಮಾತಾಡ್ತೀನಿ ಅದರ ಜೋಡಿ!"

ಕೇಳುವ ಮನಸ್ಸಿರುವವರಿಗೆ ಮಾತ್ರ ಅವರು ಬೇರೆಯೇ ಮನುಷ್ಯ. ಕೂಡಿಸಿ, ಚಹಾ ತರಿಸಿ ಹೇಳುತ್ತಿದ್ದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದನ್ನು ಆ ವಯಸ್ಸಿನಲ್ಲಿ ನನ್ನಿಂದ ಕಲಿತಿದ್ದರು. "ಮೊದಲ ಹೆಸರು ನೋಡವ್ವಾ. ಕೋಳಿ ಅಂದ್ರ ಕೋಳಿ, ಕುರಿ ಅಂದ್ರ ಕುರಿ, ಮೀನ ಅಂದ್ರ ಮೀನ ಅಂತ ಹೆಸರಿಟ್ಟು ಬರದಿರಬೇಕು. ಬರೇ ಮಾಂಸ ಅಂತ ಬರದ್ರ ಕೈ ಮುಗದು ಬಾ. ಯಾವ ವಯಸ್ಸಿನ ನಾಯಿದು ನೋಡು, ಮರಿದು ಮರಿಗೆ, ದೊಡ್ಡದು ದೊಡ್ಡದಕ್ಕ. ತಾರೀಖು ನೋಡು. ಬಣ್ಣ ಹಾಕ್ಯಾರಂದ್ರ ಯಾಕ ಹಾಕ್ಯಾರ ಅಂತ ನನ್ನ ಕೇಳು. ದುಬಾರಿ ಅದ ಅಂತ ಚಲೋ ಅದ ಅನ್ಕೋಬ್ಯಾಡ, ದುಬಾರಿದೂ ಬೆನ್ನು ತಿರುವಿ ಓದು. ಇವತ್ತ ರೊಟ್ಟಿ ಬಿಡಿಸಿ ನಾಳಿ ಕಾಳು ಹಾಕಬ್ಯಾಡ, ಹೊಟ್ಟಿ ಕೆಡತದ. ರೊಟ್ಟ್ಯಾಗ ಜರಾ ಜರಾ ಕೂಡಿಸಿ ರೂಢಿ ಮಾಡು. ಪಕ್ಕಕ್ಕ ನೀರು ಇರಲಿ. ಅಷ್ಟ ಮಾಡಿ ಆಮ್ಯಾಲ ಚೀಲ ಬಿಟ್ಟು ನಾಯಿ ನೋಡು. ಮೈ ಮಿಂಚತದೇನು, ಕೆರಕೋತದೇನು, ಹೇಲು ಗಟ್ಟಿ ಅದೇನು. ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ." ಕಡೆಗೆ ಹೊರಟು ನಿಂತವರನ್ನು ನಿಲ್ಲಿಸಿ ಇನ್ನೊಂದು ಮಾತು ಹೇಳುತ್ತಿದ್ದರು. "ಚಲೋದು ತರಾಕ ಆಗಲಿಲ್ಲಂದ್ರ ನಾಚಬ್ಯಾಡ. ರೊಟ್ಟಿ, ಮಜ್ಜಗಿ, ಒಂದು ತತ್ತಿ ಹಾಕು, ಇನ್ನೇನು ಕೂಡಿಸಬೇಕು ಡಾಕ್ಟರಿಗೆ ಕೇಳು. ಕೆಟ್ಟ ಚೀಲಕ್ಕಿಂತ ನಿನ್ನ ಕೈ ರೊಟ್ಟಿ ಚಲೋ."

ಈ ಕಡೆಯ ಮಾತು ಕೇಳಿದಾಗಲೆಲ್ಲ ಅವರ ಅಣ್ಣನ ಮಗ ಹಲ್ಲು ಕಡಿಯುತ್ತಿದ್ದ. "ಕಾಕಾ, ದುಕಾನು ನಡಸಾಕತ್ತೀರೋ ಸಾಲಿ ನಡಸಾಕತ್ತೀರೋ? ಬಂದ ಗಿರಾಕಿಗೆ ರೊಟ್ಟಿ ಮಾಡು ಅಂತ ಹೇಳಿ ಕಳಸ್ತೀರಿ!" ಕಾಕಾ ಚಾಂದಿಯ ಬೆನ್ನಿನ ಮೇಲೆ ಹೊಸದಾಗಿ ಬಂದ ಕೂದಲಿನ ಮೇಲೆ ಕೈ ಆಡಿಸುತ್ತ ಕೂತಿರುತ್ತಿದ್ದರು. ಕಾಳು ಬದಲಿಸಿದ ಮೇಲೆ ಅದು ಮೊದಲಿನ ಬೆಳ್ಳಿಯೇ ಆಗಿತ್ತು.

ನಾನು ನಿವೃತ್ತಿಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ಕಾಕಾ ಹಾಸಿಗೆ ಹಿಡಿದರು. ನೋಡಲು ಹೋದಾಗ ಮೈಯಲ್ಲಿ ಏನೂ ಉಳಿದಿರಲಿಲ್ಲ, ಹುಬ್ಬು ಮಾತ್ರ ಮೊದಲಿನಂತೆಯೇ ಗಂಟಾಗುತ್ತಿತ್ತು. ಗಂಜಿ ಕುಡಿಸಲು ಹೋದೆ.

"ಬಾಯಿ ರುಚಿ ಹೋಗ್ಯದ ಅಕ್ಕೋರ. ಚಲೋನ ಆಯ್ತು, ಹೋಗ್ಲಿ. ದಗಾ ಮಾಡಿದ ನಾಲಿಗಿ ಅದು."

ಚಾಂದಿಯನ್ನು ನನಗೆ ಒಪ್ಪಿಸಿದರು. ಆಮೇಲೆ ಅಣ್ಣನ ಮಗನನ್ನು ಕರೆದು, ನನ್ನ ಎದುರಿಗೇ ಹೇಳಿದರು. "ದುಕಾನು ನಿಂದು. ಹೆಸರು ಬದಲ್ಸು, ಬಣ್ಣಾ ಹಚ್ಚು, ಕಾಚಿನ ಬಾಗಲಾ ಕೂಡಿಸು, ನಾ ಏನೂ ಅನ್ನಂಗಿಲ್ಲ. ಚೀಲದ ಬಾಯಿ ಬಿಚ್ಚಬ್ಯಾಡ. ಚೀಲದ ಬೆನ್ನು ಗ್ವಾಡಿಗೆ ಹಚ್ಚಬ್ಯಾಡ. ಇಷ್ಟ."

"ಹೂಂ ಕಾಕಾ," ಎಂದ ಅವನು. ಆ ಹೂಂ ಇನ್ನೂ ನನ್ನ ಕಿವಿಯಲ್ಲಿದೆ. ಅದನ್ನು ನಂಬಿಕೊಂಡೇ ಆ ಜೀವ ಹೋಯಿತು.

ನಿನ್ನೆ ಚಾಂದಿಯ ಚೀಲ ಖಾಲಿಯಾಯಿತು. ಬಸವಕಲ್ಯಾಣದಲ್ಲೂ ಸಿಗುತ್ತದೆ, ಆದರೆ ನಾನು ಅಲ್ಲಿಯವರೆಗೆ ಹುಮನಾಬಾದಿನ ಅಂಗಡಿ ಬಿಟ್ಟಿರಲಿಲ್ಲ. ಪ್ರತಿ ಸಲ ಫೋನು ಮಾಡಿದರೆ ಬಸ್ಸಿನವರ ಕೈಯಲ್ಲಿ ಚೀಲ ಬರುತ್ತಿತ್ತು. ಈ ಸಲ ಕಾಕಾನ ಫೋಟೋ ನೋಡಿ ಬರೋಣ ಅಂತ ಇವತ್ತು ನಾನೇ ಹೋದೆ. ಅಂಗಡಿಗೆ ಗಾಜಿನ ಬಾಗಿಲು ಕೂಡಿಸಿದ್ದರು, ಬಣ್ಣ ಹಚ್ಚಿದ್ದರು, ದೀಪ ಹಾಕಿದ್ದರು. ಆಗಲಿ. ಆದರೆ ಸಾಲಾಗಿ ನಿಂತ ಚೀಲಗಳೆಲ್ಲ ಬೀದಿಗೆ ಮುಖ ತೋರಿಸಿ ನಗುತ್ತಿದ್ದವು. ಕಾಕಾನ ಫೋಟೋದ ಕೆಳಗೆ, ಎಲ್ಲಕ್ಕಿಂತ ಮುಂದೆಯೇ ನಿಂತಿತ್ತು ಅದು, ಆ ಏಜೆಂಟನ ಮಾಲು, ಅದೇ ನಾಯಿ, ಅದೇ ಕೋಳಿಯ ತೊಡೆ. ಬಾಯಿ ಕತ್ತರಿಸಿ, ಅಂಚನ್ನು ಸುತ್ತಿ ಸುತ್ತಿ ಕೆಳಗೆ ಮಡಚಿದ್ದರಿಂದ ಬೆನ್ನಿನ ಬರಹ ಮಡಿಕೆಯೊಳಗೆ ಹೋಗಿಬಿಟ್ಟಿತ್ತು. ಕಾಳಿನೊಳಗೆ ನೆಟ್ಟ ಕಡ್ಡಿಯ ತುದಿಯಲ್ಲಿ ಆ ರಟ್ಟು. ಕಾಕಾ ತಿಂದು ನೋಡಿದ ಮಾಲು.

ಕೊಡಂಬಲದಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಮರಿ ಹಿಡಿದು ನಿಂತಿದ್ದಳು. ಕಂದು ಬಣ್ಣದ ಮರಿ, ಹಾಲು ಬಿಟ್ಟು ಹೆಚ್ಚು ದಿನವಾದಂತಿರಲಿಲ್ಲ. "ಇದಕ್ಕ ನಡೀತದೇನ್ರಿ ಅಣ್ಣಾ?" ಎಂದು ಕೇಳಿದಳು.

ಅಣ್ಣನ ಮಗ ಒಂದು ಹಿಡಿ ಕಾಳು ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದ. ಥೇಟ್ ಕಾಕಾನ ಹಾಗೆಯೇ. "ನೋಡ್ರಿ ಅಕ್ಕಾ, ನಮ್ಮ ಕಾಕಾ ಹಿಂಗ ತಿಂದು ನೋಡಿ ಕೊಡ್ತಿದ್ರು. ನಾವೂ ಹಂಗ. ಮರಿಗೂ ನಡೀತದ, ದೊಡ್ಡದಕ್ಕೂ ನಡೀತದ. ಎಷ್ಟು ಕಟ್ಲಿ?"

ನಾನು ಹೊಸ್ತಿಲಲ್ಲೇ ನಿಂತಿದ್ದೆ. ಮನುಷ್ಯ ಯಾವುದಕ್ಕೆ ನಾಚಿ ಗೋಡೆಯ ಕಡೆ ತಿರುಗಿದನೋ ಅದನ್ನೇ ಇವನು ಅವನ ಹೆಸರಿನಲ್ಲಿ ಆಟ ಮಾಡಿ ತೋರಿಸುತ್ತಿದ್ದಾನೆ. ಮರೆತು ಮಾಡಿದ್ದರೆ ಬಿಡುತ್ತಿದ್ದೆ. ಚಿಟಗುಪ್ಪದ ಮರಿ ಎದೆಯ ಮೇಲೆ ಬಿದ್ದಾಗ ಇವನೂ ಅಲ್ಲೇ ತಕ್ಕಡಿಯ ಹತ್ತಿರ ನಿಂತಿದ್ದ.

"ಏ! ಆ ರಟ್ಟು ತಗಿ ಮೊದಲ," ಎಂದೆ.

"ಅಯ್ಯ, ಅಕ್ಕೋರ! ಬರ್ರಿ ಬರ್ರಿ, ಕುಂದರ್ರಿ. ಚಹಾ ತರಸ್ತೀನಿ."

"ನಿನ್ನ ಚಹಾಕ್ಕ ಬೆಂಕಿ ಹಾಕು. ಕಾಕಾ ಏನು ಹೇಳಿ ಹೋಗ್ಯಾನ ನಿನಗ? ನಾ ಎದರಿಗೆ ಇದ್ದೆ ಇಲ್ಲೋ? ಹೂಂ ಅಂದಿ ಇಲ್ಲೋ?"

"ಹಳೀ ಮಾತ್ರಿ ಅವು," ಎಂದು ಗಿರಾಕಿಯ ಕಡೆ ನೋಡಿ ನಕ್ಕ. "ನಮ್ಮ ಅಕ್ಕೋರು ಅಕ್ಕಾ, ಕಾಕಾನ ಮ್ಯಾಲ ಭಾಳ ಜೀವ. ಸುಳ್ಳು ಏನು ಬರದೀನ್ರಿ ನಾ? ಕಾಕಾ ಇದನ್ನ ತಿಂದಿದ್ದು ಖರೇ ಅದ ಇಲ್ಲೋ? ಊರಿಗೆ ಊರ ನೋಡ್ಯದ. ನಾನೂ ತಿಂತೀನಿ, ನೋಡ್ರಿ ಬೇಕಾರ." ಎಂದವನೇ ಇನ್ನೊಂದು ಹಿಡಿ, ಮೊದಲಿಗಿಂತ ದೊಡ್ಡದು, ಬಾಯಿಗೆ ತುಂಬಿಕೊಂಡ.

ಅವನ ಜೊತೆ ನನಗೆ ಮಾತು ಮುಗಿದಿತ್ತು. ಸೆರಗು ಸಿಕ್ಕಿಸಿಕೊಂಡೆ. ಮೊದಲ ಚೀಲ ಹಿಡಿದು ತಿರುಗಿಸಿದೆ. ಎರಡನೆಯದು. ಮೂರನೆಯದು ಭಾರವಿತ್ತು, ಮೊಣಕಾಲು ಕೊಟ್ಟು ತಳ್ಳಿದೆ. ಬೀದಿಯಲ್ಲಿ ಹೋಗುವವರು ನಿಂತರು. ಅವನು ಕೈ ಅಡ್ಡ ಮಾಡಲು ಬಂದ, ಬಾಯಿ ತುಂಬಿದ್ದರಿಂದ "ಉಂ ಉಂ" ಎಂದನೇ ಹೊರತು ಮಾತು ಬರಲಿಲ್ಲ. ನಾನು ಹೋದ ಮೇಲೆ ಇವನು ಮತ್ತೆ ತಿರುಗಿಸುತ್ತಾನೆ ಎಂದು ನನಗೇನು ಗೊತ್ತಿಲ್ಲವೇ? ತಿರುಗಿಸಲಿ. ಬಸವಕಲ್ಯಾಣದಿಂದ ಬಸ್ಸು ದಿನಾ ಇವೆ. ಕಡೆಗೆ ಆ ಕತ್ತರಿಸಿದ ಚೀಲಕ್ಕೆ ಬಂದೆ. ರಟ್ಟು ಕಿತ್ತು ಬೀದಿಗೆ ಎಸೆದು, ಮಡಚಿದ ಅಂಚನ್ನು ಒಂದೊಂದೇ ಸುತ್ತು ಬಿಚ್ಚಿ ಮೇಲಕ್ಕೆ ಎಳೆದು, ಬೆನ್ನನ್ನು ಆ ಹೆಣ್ಣುಮಗಳ ಕಡೆಗೆ ತಿರುಗಿಸಿದೆ.

ಅವಳು ಮರಿಯನ್ನು ಎದೆಗೆ ಒತ್ತಿಕೊಂಡು ಬಗ್ಗಿ ಆ ಸಣ್ಣಕ್ಷರ ನೋಡಿದಳು. "ಅಕ್ಕೋರ, ಮೊದಲ ಏನಂತ ಬರದಾರ್ರಿ ಇದರಾಗ? ಮರಿಗೆ ಹಾಕು ಅಂತ ಬರದಾರೇನು?"

ಓದಲು ಬಾಯಿ ತೆರೆದೆ. ಆಮೇಲೆ ಬೇಡ ಅನ್ನಿಸಿತು. "ನನಗಲ್ಲವ್ವಾ, ಮಾರಾವರಿಗೆ ಕೇಳು. ಅವರ ಓದಲಿ."

"ಓದ್ರಿ ಅಣ್ಣಾ," ಎಂದಳು ಅವಳು.

ಅವನ ಗಲ್ಲ ಉಬ್ಬಿತ್ತು. ನುಂಗಲು ನೋಡಿದ, ಒಣ ಕಾಳು ಗಂಟಲಲ್ಲಿ ಇಳಿಯಲಿಲ್ಲ. ಅವಳು ಅವನ ಬಾಯನ್ನೇ ನೋಡುತ್ತ ನಿಂತಿದ್ದಳು, ಬೀದಿಯಲ್ಲಿ ನಿಂತವರೂ ನೋಡುತ್ತಿದ್ದರು. ಉಗುಳಲು ಹೊಸ್ತಿಲ ಕಡೆ ಓಡಿದ. ಅಲ್ಲಿ ಕಾಕಾನ ಬೂದಿಯ ಡಬ್ಬಿ ಇರಲಿಲ್ಲ. ಅಂಗಡಿಯ ಶೋಭೆ ಕೆಡುತ್ತದೆಂದು ಅವನೇ ಅದನ್ನು ತೆಗೆಸಿದ್ದ.